ಬಂದ ಊರು ನಮ್ಮೂರಾಗುವ ಬಗೆ

ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಸಂಜೆ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಆಗ ಪುಣೆಯಿಂದ ನಮ್ಮ ಮಗಳ ಕರೆ ಬಂದಿತು. ಅಳಿಯಂದಿರನ್ನು ಅವರ ಕಂಪನಿಯವರು ಅಮೆರಿಕೆಯ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿಗೆ ಮೂರು ವರ್ಷಗಳ ಮಟ್ಟಿಗೆ ವರ್ಗ ಮಾಡಿದ್ದಾರೆಂದು ತಿಳಿಸಿದಳು. ಧ್ವನಿಯಲ್ಲಿ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗಿತ್ತು. "ಅಪ್ಪಾಜಿ, ಇವರೊಬ್ಬರೇ ಹೋಗಿ ಬರಲಿ ಅನ್ನಲೋ, ಮಕ್ಕಳನ್ನು ಕರಕೊಂಡು ನಾವೂ ಹೋಗೋಣವೋ? ಅದು ನ್ಯೂಯಾರ್ಕ್ ಅಲ್ಲ, ಶಿಕಾಗೊ ಅಲ್ಲ, ಸಣ್ಣ ಊರು. ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?" ಎಂದು ಕೇಳಿದಳು.

"ನಾಳೆ ಹೇಳುತ್ತೇವೆ" ಎಂದಷ್ಟೇ ಹೇಳಿ ನಾವು ಮಾತು ಮುಗಿಸಿದೆವು. ಇದೇ ಪ್ರಶ್ನೆ 1989ರಲ್ಲಿ ನಮ್ಮ ಮುಂದೆ ನಿಂತಿತ್ತು. ಆಗ ನಾವು ಕಂಡುಕೊಂಡ ಉತ್ತರ ತಪ್ಪಾಗಿತ್ತು. ಅಂದಿನ ನಮ್ಮ ಪಾಲಿಗೆ ಈ ಸೇಡಂ ಪಟ್ಟಣವೇ ದೂರದ ಪರದೇಶವಾಗಿತ್ತು. ಬ್ಯಾಂಕು, ಶಾಲೆ, ಆಸ್ಪತ್ರೆ, ಕಾರ್ಖಾನೆಗಳ ವರ್ಗಾವಣೆಯ ಆದೇಶವನ್ನು ಕೈಯಲ್ಲಿ ಹಿಡಿದು ಇದೇ ಚಿಂತೆಯಲ್ಲಿ ಕುಳಿತಿರುವ ಮನೆತನಗಳು ನಮ್ಮ ವಾಚಕರಲ್ಲಿ ಹಲವಿರಬಹುದು. ಅವರಿಗೂ ಉಪಯೋಗವಾದೀತೆಂದು ಮಗಳಿಗೆ ಹೇಳಿದ ಮಾತನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಒಂಟಿಯಾಗಿ ಬಂದ ಎರಡು ವರ್ಷ

ಗದಗಿನ ಸಮೀಪದ ಹಳ್ಳಿಯಲ್ಲಿ ಹುಟ್ಟಿ, ಮಠದ ಪಾಠಶಾಲೆಯ ಅನ್ನ ಉಂಡು, ಅಲ್ಲಿಯೇ ಸಂಸ್ಕೃತವನ್ನೂ ವಚನ ಶಾಸ್ತ್ರವನ್ನೂ ಓದಿದವರು ನಾವು. ಸೇಡಮಿನ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕರಾಗಿ ನೇಮಕವಾದಾಗ ನಮಗೆ ಮೂವತ್ತೊಂದು ವರ್ಷ. ಮಗಳಿಗೆ ಐದು, ಮಗನಿಗೆ ಎರಡು. ಸುದ್ದಿ ಕೇಳಿದ ಬಂಧುಗಳೆಲ್ಲ ಹೆದರಿಸಿದವರೇ. "ಗುಲಬರ್ಗಾ ಸೀಮೆಯೇ? ಬಿಸಿಲಿಗೆ ಕಲ್ಲು ಸಿಡಿಯುತ್ತದೆ. ಮಾತು ಬೇರೆ, ರೀತಿ ಬೇರೆ. ಮಕ್ಕಳ ಓದು ಕೆಡುತ್ತದೆ" ಎಂದರು. ನಾವು ಅದನ್ನು ನಂಬಿದೆವು. ತಾಯಿ, ಹೆಂಡತಿ, ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ಒಂದು ಟ್ರಂಕು, ಒಂದು ಸ್ಟೋವು ಹೊತ್ತುಕೊಂಡು ಒಬ್ಬರೇ ಬಂದೆವು.

ಸೂಟಿ ಬಂದರೆ ಸಾಕು, ಸೇಡಮಿನಿಂದ ವಾಡಿ ಜಂಕ್ಷನ್ನಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಸೊಲ್ಲಾಪುರ ಸೇರಿ, ವಿಜಾಪುರದ ಮೇಲೆ ಹೋಗುವ ಮೀಟರ್ ಗೇಜ್ ಗಾಡಿಯಲ್ಲಿ ಗದಗಿಗೆ ಹೋಗುವುದು. ಊರು ಮುಟ್ಟುವುದರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆಯುತ್ತಿತ್ತು. ಸೇಡಮಿನಲ್ಲಿ ಇದ್ದಾಗ ಮನಸ್ಸು ಊರಿನಲ್ಲಿ, ಊರಿನಲ್ಲಿ ಇದ್ದಾಗ ಮನಸ್ಸು ತಿರುಗಿ ಹೋಗುವ ಗಾಡಿಯ ಹೊತ್ತಿನಲ್ಲಿ. ನೆರೆಯವರ ಹೆಸರು ಕೇಳಲಿಲ್ಲ. ಯಾರ ಮನೆಯ ಮದುವೆಗೂ ಹೋಗಲಿಲ್ಲ. ಸಂಬಳ ತೆಗೆದುಕೊಂಡ ಊರಿಗೆ ಪಾಠದ ಹೊರತು ಮತ್ತೇನನ್ನೂ ಕೊಡಲಿಲ್ಲ.

ಎರಡನೆಯ ವರ್ಷದ ದಸರೆಗೆ ಮನೆಗೆ ಹೋದಾಗ ಮಗಳು ತಂಬಿಗೆಯಲ್ಲಿ ಕಾಲಿಗೆ ನೀರು ತಂದಿಟ್ಟಳು. ಕೈಕಟ್ಟಿ ನಿಂತು, "ನೀವು ಎಂದು ಹೋಗುವವರು?" ಎಂದು ಕೇಳಿದಳು. ಅದು ಅತಿಥಿಗಳಿಗೆ ಕೇಳುವ ಪ್ರಶ್ನೆ. ನಮ್ಮ ತಾಯಿಯವರು ನಕ್ಕುಬಿಟ್ಟರು. ನಮಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ಮುನ್ನ, 1991ರ ಮೇ ತಿಂಗಳ ಕೊನೆಗೆ, ತಾಯಿಯವರನ್ನೂ ಕೂಡಿಸಿ ಎಲ್ಲರನ್ನೂ ಸೇಡಮಿಗೆ ಕರೆತಂದೆವು.

ಮನೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆ

ಒಂಟಿಯಾಗಿದ್ದವರಿಗೆ ಕೋಣೆ ಸಾಕಾಗಿತ್ತು. ಸಂಸಾರಕ್ಕೆ ಮನೆ ಬೇಕಾಯಿತು. ಬಾಡಿಗೆಗೆ ಮನೆ ಕೇಳಲು ಹೋದಲ್ಲಿ, ನೌಕರಿ ಏನು, ಬಾಡಿಗೆ ಎಷ್ಟು ಕೊಡುವಿರಿ ಎಂಬುದಕ್ಕಿಂತ ಮೊದಲೇ "ನೀವು ಯಾವ ಮಂದಿ?" ಎಂಬ ಪ್ರಶ್ನೆ ಬರುತ್ತಿತ್ತು. ಹಣೆಯ ವಿಭೂತಿ ನಮ್ಮ ಪರವಾಗಿ ಉತ್ತರ ಹೇಳಿತು. ಎರಡು ದಿನಗಳಲ್ಲಿ ಮನೆ ದೊರೆಯಿತು. ಅದೇ ವಾರ ಸಂಸಾರ ತಂದ ನಮ್ಮ ಸಹೋದ್ಯೋಗಿಯೊಬ್ಬರು ನಮ್ಮಷ್ಟೇ ಓದಿದವರು, ನಮ್ಮಷ್ಟೇ ಸಂಬಳದವರು. ಅವರು ಉತ್ತರ ಹೇಳಿದಲ್ಲೆಲ್ಲ ಬಾಗಿಲು ಮುಚ್ಚಿತು. ಒಂದು ತಿಂಗಳು ಅವರ ಹೆಂಡತಿ ಮಕ್ಕಳು ಸಂಬಂಧಿಕರ ಮನೆಯ ಒಂದು ಕೋಣೆಯಲ್ಲಿ ದಿನ ಕಳೆದರು. ನಾವು ಆ ಹೊತ್ತು ನಮ್ಮ ಮನೆಯ ಮಾಲೀಕರೊಡನೆ ಒಂದು ಮಾತು ಆಡಬಹುದಾಗಿತ್ತು. ಮನೆ ಸಿಕ್ಕ ಸಮಾಧಾನದಲ್ಲಿ ಆಡಲಿಲ್ಲ. ಮಠದಲ್ಲಿ ಹತ್ತು ವರ್ಷ ಓದಿದ ವಚನಗಳು ಆ ದಿನ ನಮ್ಮ ಬಾಯಿಗೆ ಬರಲಿಲ್ಲವೆಂಬುದನ್ನು ಇಂದು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯದ ಸಭೆ ನಮ್ಮಲ್ಲಿಲ್ಲ. ಆ ಕಲ್ಯಾಣ ಬೆಳೆದದ್ದು ಬಂದವರಿಂದ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಪತ್ನಿ ಮಹಾದೇವಮ್ಮನವರೊಡನೆ ಬಂದು ಸೌದೆಯ ಹೊರೆ ಮಾರಿ ಬದುಕಿದರೆಂದು ಶರಣ ಪರಂಪರೆ ಹೇಳುತ್ತದೆ. ಆಯ್ದಕ್ಕಿಯ ಮಾರಯ್ಯನವರು ಅಮರೇಶ್ವರದಿಂದ ಬಂದವರು. ಅಂದಿನ ಕಾಯಕಕ್ಕೆ ಮಿಗಿಲಾಗಿ ಅಕ್ಕಿ ತಂದಾಗ, ತಿರುಗಿ ಅಲ್ಲಿಯೇ ಸುರಿದು ಬನ್ನಿರೆಂದು ಎಚ್ಚರಿಸಿದವರು ಜೊತೆಗಿದ್ದ ಲಕ್ಕಮ್ಮನವರು. ಲಕ್ಕಮ್ಮನವರನ್ನು ಹುಟ್ಟಿದ ಊರಿನಲ್ಲಿ ಬಿಟ್ಟು ಮಾರಯ್ಯನವರು ಒಬ್ಬರೇ ಬಂದಿದ್ದರೆ ಆ ಎಚ್ಚರ ಹೇಳುವವರು ಯಾರಿದ್ದರು? ಬಂದವರಿಗೆ ಬಾಗಿಲು ತೆರೆದದ್ದರಿಂದ ಕಲ್ಯಾಣ ಕಲ್ಯಾಣವಾಯಿತು. 2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟುಕೊಂಡಿದ್ದೇವೆ. ಬಾಡಿಗೆಯ ಮನೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆಯೂ ಆ ಹೆಸರಿಗೆ ತಕ್ಕಂತೆ ಬದಲಾಗಬೇಕು.

ಬಂದವರಿಂದ ಬೆಳೆದ ಸೀಮೆ

ಈ ಸೀಮೆಯ ಇತಿಹಾಸವೂ ಇದನ್ನೇ ಸಾರುತ್ತದೆ. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿ ಒಂದು ಕಾಲಕ್ಕೆ ಘಟಿಕಾಸ್ಥಾನವಾಗಿತ್ತು. ಕ್ರಿ.ಶ. 1058ರ ಅಲ್ಲಿನ ಶಾಸನದಲ್ಲಿ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಪುಸ್ತಕ ಭಂಡಾರವನ್ನು ಕಾಯುವವರಿಗೂ ಜೀವಿತವನ್ನು ಏರ್ಪಡಿಸಿದ ವಿವರವಿದೆ. ವಿದ್ಯೆಗಾಗಿ ಬಂದವರ ಅನ್ನ ವಸತಿಯ ಚಿಂತೆಯನ್ನು ಊರೇ ವಹಿಸಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲಿಂದ ಅನತಿ ದೂರದ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯ ಆ ರಾಜಧಾನಿಗೆ ಕವಿಗಳೂ ಪಂಡಿತರೂ ನಾಡಿನ ಮೂಲೆಮೂಲೆಗಳಿಂದ ಬಂದು ನೆಲೆಸಿದರು.

ಹೊಸ ಕಾಲದಲ್ಲಿ ಜನರನ್ನು ಕರೆತಂದದ್ದು ರೈಲು ಮತ್ತು ಸುಣ್ಣದ ಕಲ್ಲು. ನಿಜಾಮ ಸಂಸ್ಥಾನದ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗವಾಯಿತು. ಮುಂಬಯಿ ಮದರಾಸುಗಳ ದಾರಿ ಅಲ್ಲಿ ಕೂಡಿದ್ದರಿಂದ ವಾಡಿ ಜಂಕ್ಷನ್ ಆಯಿತು. ಚಿತ್ತಾಪುರ, ಸೇಡಂ ಅದೇ ದಾರಿಯ ನಿಲ್ದಾಣಗಳಾದವು. ಶಹಾಬಾದದ ಹಾಸುಗಲ್ಲು ದೂರದೂರದ ಊರುಗಳ ಮನೆಗಳಿಗೆ ನೆಲವಾಯಿತು. 1920ರ ದಶಕದಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಪ್ರಾರಂಭವಾಯಿತು. 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಮಿನ ವಾಸವದತ್ತಾ ಕಾರ್ಖಾನೆಗಳು ಬಂದವು. ಅವುಗಳ ಹಿಂದೆಯೇ ರಾಜಸ್ಥಾನ, ಬಿಹಾರ, ಉತ್ತರ ಪ್ರದೇಶ, ಆಂಧ್ರಗಳ ಸಂಸಾರಗಳು ಬಂದವು. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೇಳಿಸುವ ಈ ಸೀಮೆಗೆ ಹಿಂದಿಯ ಹಲವು ರೂಪಗಳೂ ಸೇರಿಕೊಂಡವು.

ಹೀಗೆ ಬಂದವರಲ್ಲಿ ಎರಡು ಬಗೆಯನ್ನು ನಾವು ಕಂಡಿದ್ದೇವೆ. ಕಾಲೊನಿಯ ಗೋಡೆಯೊಳಗೇ ಇದ್ದು, ಮೂವತ್ತು ವರ್ಷ ದುಡಿದು, ಊರಿನ ಒಂದು ಬೀದಿಯನ್ನೂ ಅರಿಯದೆ ನಿವೃತ್ತರಾಗಿ ಹೋದವರು ಒಂದು ಬಗೆ. ಮಕ್ಕಳನ್ನು ಊರಿನ ಶಾಲೆಗೆ ಕಳುಹಿಸಿ, ಸಂತೆ ಮಾಡಿ, ಜಾತ್ರೆಯ ತೇರಿಗೆ ಕೈಹಚ್ಚಿ, ಕನ್ನಡ ಕಲಿತು ಇಲ್ಲಿಯೇ ಮನೆ ಕಟ್ಟಿದವರು ಇನ್ನೊಂದು ಬಗೆ. ಮೊದಲಿನವರು ಹೋದಾಗ ಅವರ ಕ್ವಾರ್ಟರ್ಸಿಗೆ ಮತ್ತೊಬ್ಬರು ಬಂದರು. ಎರಡನೆಯವರಿಗೆ ಕಷ್ಟ ಬಂದಾಗ ಊರು ಬಂದಿತು.

ಕಷ್ಟ ಬರುವುದಿಲ್ಲವೆಂದಲ್ಲ. ಸೇಡಂ ತಾಲೂಕಿನ ಕುರಕುಂಟಾದಲ್ಲಿದ್ದ ಸರಕಾರಿ ಸಿಮೆಂಟ್ ನಿಗಮದ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ನಿಂತುಹೋಯಿತು. ಕಾರ್ಖಾನೆಯೊಂದನ್ನೇ ನಂಬಿ ಬಂದವರಿಗೆ ಅಂದು ನೆಲ ಕುಸಿದಂತಾಯಿತು. ಊರಿನೊಡನೆ ಬೆರೆತವರಿಗೆ ಕಿರಾಣಿ ಅಂಗಡಿಯನ್ನಾಗಲಿ, ಪಾಠ ಹೇಳುವುದನ್ನಾಗಲಿ ಹಿಡಿದು ನಿಲ್ಲುವುದಕ್ಕೆ ಒಂದು ಆಸರೆಯಾದರೂ ಇತ್ತು.

ಬದುವಿನ ಮೇಲಿನ ಜಾಗ

ನಮ್ಮ ಸಂಸಾರದ ಮೊದಲ ಬೇಸಗೆ ಕಠಿಣವಾಗಿತ್ತು. ನಲ್ಲಿಗೆ ನೀರು ಬರುವ ಹೊತ್ತು ಗೊತ್ತಿಲ್ಲ. ಹಗಲಿಡೀ ಕಾದ ಹಾಸುಗಲ್ಲಿನ ನೆಲ ರಾತ್ರಿ ಹತ್ತಾದರೂ ತಣಿಯುತ್ತಿರಲಿಲ್ಲ. ನಮ್ಮ ಮನೆಯವರ ಮಾತು ಅಂಗಡಿಯವರಿಗೆ ತಿಳಿಯದು, ಅಂಗಡಿಯವರ ಮಾತು ಇವರಿಗೆ ತಿಳಿಯದು. ನೆರೆಮನೆಯ ಹಿರಿಯ ತಾಯಿಯೊಬ್ಬರು ಮೂರನೆಯ ದಿನ ಎರಡು ಕೊಡ ನೀರು ಹಾಗೂ ಬಿಸಿ ರೊಟ್ಟಿ ತಂದಿಟ್ಟು, "ನಲ್ಲಿ ನಸುಕಿನ್ಯಾಗ ಬರ್ತದ, ನಾ ಎಬ್ಬಿಸ್ತೀನಿ" ಎಂದರು. ಅಂದಿನಿಂದ ಅವರು ನಮ್ಮ ಮಕ್ಕಳಿಗೆ 'ಆಯಿ' ಆದರು. ನಮ್ಮ ತಾಯಿಯವರಿಗೆ ತೊಗರಿಯ ಒಲಿಗಾಡಿನಲ್ಲಿ ಅವರ ಜೊತೆ ಕುಳಿತು ಮಾತನಾಡುವುದೇ ನಿತ್ಯದ ಸತ್ಸಂಗವಾಯಿತು.

1996ರ ಮೇ ತಿಂಗಳಲ್ಲಿ ನಮ್ಮ ತಾಯಿಯವರು ಲಿಂಗೈಕ್ಯರಾದರು. ಆ ಉರಿಬಿಸಿಲಿನಲ್ಲಿ ದೇಹವನ್ನು ಹುಟ್ಟೂರಿಗೆ ಒಯ್ಯುವುದು ಆಗದ ಮಾತು. ಈ ಊರಿನಲ್ಲಿ ನಮ್ಮದೆಂಬ ಒಂದು ಗೇಣು ನೆಲವಿರಲಿಲ್ಲ. ನಾವು ದಿಕ್ಕು ತೋಚದೆ ಕುಳಿತಿದ್ದಾಗ ಆಯಿಯವರ ಯಜಮಾನರು ಬಂದರು. "ಮಾಸ್ತರೇ, ಜಾಗಾ ಹುಡುಕ್ಲಾಕ ಹೋಗಬ್ಯಾಡ್ರಿ. ನಮ್ಮ ಹೊಲದ ಬದುವಿನ ಮ್ಯಾಲ ನಮ್ಮ ಅಪ್ಪ ಅವ್ವ ಅದಾರ. ಅವರ ಬಾಜೂಕ ನಿಮ್ಮ ಅವ್ವಾರಿಗೂ ಜಾಗಾ ಅದ" ಎಂದರು. ಅಲ್ಲಿಯೇ ಕ್ರಿಯಾಸಮಾಧಿಯಾಯಿತು. ಓಣಿಯ ಹಿಂದೂ ಮುಸಲ್ಮಾನರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಮೊದಲೇ ಹೇಳಿದ ಆ ಸಹೋದ್ಯೋಗಿ ಮಿತ್ರರು ವಿಮಾನಕ್ಕೆ ಹೆಗಲು ಕೊಟ್ಟರು. ಮನೆ ಹುಡುಕುವಾಗ ನಾವು ಅವರಿಗೆ ಕೊಡದಿದ್ದ ಹೆಗಲು ಅದು.

ಆ ಸಂಜೆ ಸೇಡಂ ನಮ್ಮ ಊರಾಯಿತು. 2018ರಲ್ಲಿ ನಿವೃತ್ತರಾದಾಗ, "ಇನ್ನು ಊರಿಗೆ ಹೋಗುವಿರಲ್ಲವೆ?" ಎಂದು ಕೇಳಿದವರಿಗೆ ನಾವು ಕೊಟ್ಟ ಉತ್ತರ ಒಂದೇ: ಊರಲ್ಲಿಯೇ ಇದ್ದೇವೆ.

ನಮ್ಮಿಂದ ಹೊರಗೆ ಹೋಗುವವರು

ಬರುವವರ ಮಾತು ಹೇಳಿ ಹೋಗುವವರನ್ನು ಮರೆಯಲಾಗದು. ಚಿಂಚೋಳಿ ತಾಲೂಕಿನ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಅಲ್ಲಿನ ಕಾಡಿನ ಸೆರಗಿನ ತಾಂಡಾಗಳಿಂದ, ಸೇಡಂ ಚಿತ್ತಾಪುರಗಳ ತಾಂಡಾಗಳಿಂದ, ಸುಗ್ಗಿ ಮುಗಿದೊಡನೆ ಸಂಸಾರಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಅವರದು ವರ್ಗಾವಣೆಯಲ್ಲ, ಕ್ವಾರ್ಟರ್ಸಿಲ್ಲ, ಬಾಡಿಗೆಗೆ ಮನೆ ಕೇಳುವ ಮಾತೂ ಇಲ್ಲ. ಮಗುವನ್ನು ಒಯ್ದರೆ ಶಾಲೆ ತಪ್ಪುತ್ತದೆ, ಬಿಟ್ಟರೆ ಮುದುಕರ ಪಾಲಾಗುತ್ತದೆ. 2020ರ ಬೇಸಗೆಯಲ್ಲಿ ಲಾಕ್‌ಡೌನ್ ಆದಾಗ ಅವರು ಮರಳಿ ಬಂದರು. ಊರಿನವರೇ ಊರಿಗೆ ಬಂದಾಗ ಬೇಲಿ ಹಾಕಿದ ಹಳ್ಳಿಗಳನ್ನೂ ಅಂದು ಕಂಡೆವು. ಬಂದವರನ್ನು ಬರಮಾಡಿಕೊಳ್ಳುವ ಗುಣ ಹೊರಗಿನ ಅಧಿಕಾರಿಗಳಿಗೆ ಮಾತ್ರ ಮೀಸಲಾದರೆ ಅದು ಗುಣವಲ್ಲ, ಲೆಕ್ಕಾಚಾರ. ಹೋಗುವ ಮನೆಯ ಮಗುವಿಗೆ ಓಣಿಯ ಒಂದು ಮನೆಯಲ್ಲಿ ಊಟಕ್ಕೂ ಓದಿಗೂ ಜಾಗ ದೊರೆತರೆ ಆ ಮನೆತನದ ಒಂದು ತಲೆಮಾರು ಉಳಿಯುತ್ತದೆ. ನಮ್ಮ ಮಠಗಳ ದಾಸೋಹ ನಡೆದು ಬಂದದ್ದೇ ಹೀಗೆ. ನಾವೂ ಹಾಗೆ ಓದಿದವರು.

ಸ್ಥಳ ಬದಲಿಸುವವರಿಗೆ ಕೆಲವು ಮಾತು

ನಮ್ಮ ಅನುಭವದಿಂದ ಹೊಳೆದ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಇಲ್ಲಿ ಸೂಚಿಸುವುದು ಉಚಿತ.

ಊರನ್ನು ಅದರ ಕಠಿಣ ಋತುವಿನಲ್ಲಿ ಒಮ್ಮೆ ನೋಡಿ ಬರಬೇಕು. ಈ ಸೀಮೆಗೆ ಮಾರ್ಗಶಿರದಲ್ಲಿ ಬಂದವರು ಹಿಗ್ಗುತ್ತಾರೆ. ವೈಶಾಖದಲ್ಲಿ ನೋಡಿ ಒಪ್ಪಿದವರು ಉಳಿಯುತ್ತಾರೆ. ಮನೆ ನೋಡುವಾಗ ಗೋಡೆಗಿಂತ ಮೊದಲು ನೀರು ನೋಡಬೇಕು. ಕಾರ್ಖಾನೆಯ ಊರಾದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಧೂಳು ಯಾವ ಓಣಿಗೆ ಬೀಳುತ್ತದೆ ಎಂಬುದನ್ನು ನೆರೆಯವರಿಂದ ಕೇಳಿಕೊಳ್ಳಬೇಕು. ದಮ್ಮಿನ ಕಾಯಿಲೆಯವರು ಮನೆಯಲ್ಲಿದ್ದರೆ ಇದು ಮೊದಲ ಪ್ರಶ್ನೆ. ದೊಡ್ಡ ಆಸ್ಪತ್ರೆ ಎಷ್ಟು ದೂರ, ರಾತ್ರಿ ಯಾವ ಗಾಡಿ ಸಿಗುತ್ತದೆ ಎಂಬುದನ್ನು ಬಂದ ವಾರವೇ ಅರಿತಿರಬೇಕು. ಸೇಡಮಿನವರಿಗೆ ಕಲಬುರಗಿ ಸುಮಾರು 55 ಕಿ.ಮೀ. ದೂರ.

ಮಕ್ಕಳ ಶಾಲೆಯನ್ನು ವರ್ಷದ ನಡುವೆ ಬದಲಿಸಬಾರದು. ಹತ್ತನೆಯ ತರಗತಿಯ ಮಗುವಿದ್ದರೆ, ಪ್ರಯಾಣ ಮಾಡಲಾರದ ಹಿರಿಯರಿದ್ದರೆ, ಮನೆಯಾಕೆಗೆ ಬಿಡಲಾಗದ ನೌಕರಿಯಿದ್ದರೆ, ಒಂದೆರಡು ವರ್ಷ ಅಗಲಿರುವುದು ಅನಿವಾರ್ಯವೇ. ಅದನ್ನು ನಾವು ದೂರುವುದಿಲ್ಲ. ಆದರೆ ಅಗಲಿಕೆಗೆ ಕೊನೆಯ ತಾರೀಖು ಮೊದಲೇ ಗೊತ್ತಾಗಿರಬೇಕು. ಹೆದರಿಕೆಯಿಂದ ಆದ ಅಗಲಿಕೆಗೆ ಕೊನೆಯೇ ಇರುವುದಿಲ್ಲ. ನಮ್ಮದು ಅಂಥದಾಗಿತ್ತು.

ಇನ್ನೊಂದು ಮಾತು ಬರಮಾಡಿಕೊಳ್ಳುವ ಊರಿನವರಿಗೆ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 (ಜೆ) ವಿಧಿ ನಮ್ಮ ಸೀಮೆಗೆ ಶಿಕ್ಷಣ ಉದ್ಯೋಗಗಳಲ್ಲಿ ಮೀಸಲಾತಿಯ ದಾರಿ ತೆರೆಯಿತು. ಅದರಲ್ಲಿ ಈ ಪ್ರದೇಶಕ್ಕೆ ಸೇರಿದವರೆಂದರೆ ಜನ್ಮದಿಂದ ಅಥವಾ ವಾಸದಿಂದ ಸೇರಿದವರು ಎಂದಿದೆ. ಊರಿಗೆ ಸೇರಲು ಎರಡು ದಾರಿಗಳುಂಟೆಂದು ಕಾನೂನೇ ಒಪ್ಪಿದೆ. ಮನಸ್ಸು ಒಪ್ಪುವುದು ಮಾತ್ರ ಬಾಕಿ.

ಮಗಳಿಗೆ ಹೇಳಿದ ಉತ್ತರ

ಮರುದಿನ ಮಗಳಿಗೆ ಕರೆ ಮಾಡುವ ಮುನ್ನ ನಾವು ವಿಚಾರಿಸಿ ತಿಳಿದುಕೊಂಡೆವು. ಕೊಲಂಬಸ್ ಸುಮಾರು ಐವತ್ತು ಸಾವಿರ ಜನರ ಊರು. 1919ರಲ್ಲಿ ಅಲ್ಲಿ ಕಮಿನ್ಸ್ ಎಂಜಿನ್ ಕಾರ್ಖಾನೆ ಹುಟ್ಟಿತು. ಅದರ ಬೆನ್ನ ಹಿಂದೆಯೇ ಊರು ಬೆಳೆಯಿತು, ವಾಡಿ ಬೆಳೆದಂತೆಯೇ. ನಮಗೆ ಬಿಸಿಲು, ಅವರಿಗೆ ಹಿಮ. ಮಕ್ಕಳಿಗೆ ಅಲ್ಲಿನ ಸರಕಾರಿ ಶಾಲೆಯಲ್ಲಿ ಶುಲ್ಕವಿಲ್ಲ. ಮನೆ ಇರುವ ಓಣಿಯ ಮೇಲೆ ಶಾಲೆ ನಿಗದಿಯಾಗುವುದರಿಂದ ಮನೆ ಹಿಡಿಯುವ ಮುನ್ನ ಶಾಲೆ ನೋಡಬೇಕು. ಕಾರು ನಡೆಸಲು ಬಾರದೆ ಅಂಥ ಊರಿನಲ್ಲಿ ಕಾಲಾಡುವಂತಿಲ್ಲ. ಅದನ್ನು ಹೋಗುವ ಮೊದಲೇ ಇಬ್ಬರೂ ಕಲಿಯಬೇಕು. ಕಂಪನಿಯ ವರ್ಗಾವಣೆಯ ಎಲ್-1 ವೀಸಾದವರ ಪತ್ನಿಗೆ 2021ರಿಂದ ಬೇರೆ ಅನುಮತಿಪತ್ರವಿಲ್ಲದೆಯೇ ಅಲ್ಲಿ ದುಡಿಯುವ ಅವಕಾಶವಿದೆ. ನಮ್ಮವರನ್ನೇ ಕಾಣಬೇಕೆನಿಸಿದಾಗ ಉತ್ತರ ಅಮೆರಿಕದ ವೀರಶೈವ ಸಮಾಜವಿದೆ.

ಇಷ್ಟನ್ನೂ ತಿಳಿಸಿ, "ಹೋಗುವುದಾದರೆ ಎಲ್ಲರೂ ಕೂಡಿ ಹೋಗಿರಿ. ಹೋದ ಮೇಲೆ ನಮ್ಮವರು ಯಾರಿದ್ದಾರೆಂದು ಹುಡುಕುವ ಮೊದಲು ನೆರೆಮನೆಯವರ ಹೆಸರು ಕೇಳಿರಿ" ಎಂದೆವು. ಮೂವತ್ತೈದು ವರ್ಷದ ಹಿಂದಿನ ಆ ದಸರೆಯ ಪ್ರಶ್ನೆ ಅವಳಿಗೆ ನೆನಪಿಲ್ಲ. ನಾವೂ ನೆನಪಿಸಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು, "ಅಪ್ಪಾಜಿ, ನಿಮ್ಮಿಬ್ಬರನ್ನು ಬಿಟ್ಟು ಅಷ್ಟು ದೂರ ಹೇಗೆ ಹೋಗಲಿ? ನಾಳೆ ಏನಾದರೂ ಆದರೆ?" ಎಂದಳು. ಅವಳ ಅಳುಕೆಲ್ಲ ಅಲ್ಲಿಯೇ ಇತ್ತೆಂದು ಆಗ ತಿಳಿಯಿತು. ಆ ಹೊತ್ತಿಗೆ ಸರಿಯಾಗಿ ನೆರೆಮನೆಯ ಆಯಿಯವರ ಮೊಮ್ಮಗ ಹೊಸ ತೊಗರಿಬೇಳೆಯ ಡಬ್ಬಿ ಹಿಡಿದು ಒಳಗೆ ಬಂದ. ಆಯಿಯವರೂ ಯಜಮಾನರೂ ಈಗ ಇಲ್ಲ. ಅದೇ ಬದುವಿನ ಮೇಲೆ ನಮ್ಮ ತಾಯಿಯವರ ಬಾಜೂಕ ಅವರಿದ್ದಾರೆ. "ಇಲ್ಲಿ ನಮಗೆ ಊರಿದೆ ಮಗಳೇ, ನೀನು ಹೋಗಿ ಬಾ" ಎಂದೆವು.

ಹೊಸ ಊರಿಗೆ ಹೊರಟು ನಿಂತಿರುವ ಎಲ್ಲ ಮನೆತನಗಳಿಗೂ ತೆರೆದ ಬಾಗಿಲು ದೊರೆಯಲಿ. ಇದ್ದ ಊರಿನಲ್ಲಿ ನೆಲೆ ನಿಂತವರಿಗೆ ಬಾಗಿಲು ತೆರೆಯುವ ಮನಸ್ಸು ಬರಲಿ. ಇದೇ ನಮ್ಮ ಹಾರೈಕೆ.